ನಲವತ್ತು ಏಣಿ, ಎರಡು ಮಾತು

ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ನಲವತ್ತು ಮರದ ಏಣಿಗಳು ಕಾರ್ಖಾನೆಗೆ ವಾಪಸ್ ಬಂದವು. ಹೋಗಿ ಆರು ದಿನವಾಗಿತ್ತಷ್ಟೆ. ಜೊತೆಗಿದ್ದ ಪತ್ರ ಇಂಗ್ಲಿಷಿನಲ್ಲಿತ್ತು. ತಿರಸ್ಕಾರಕ್ಕೆ ಕೊಟ್ಟ ಕಾರಣ ಒಂದೇ ಪದ: ಸ್ಪ್ಲಿಟ್. ಮರ ಸೀಳಿದೆ ಎಂದರ್ಥ. ಕೊಂಡ ಕಂಪನಿಯ ಎಂಜಿನಿಯರ್ ಹನ್ನೊಂದಕ್ಕೆ ಬರುತ್ತಾನೆ ಎಂದೂ ಕೆಳಗೆ ಬರೆದಿತ್ತು.

ಏಣಿಗಳನ್ನು ಪಾಸು ಮಾಡಿದವಳು ಮಸಿಯಕ್ಕ. ಹನ್ನೊಂದು ವರ್ಷ ಉಜ್ಜುಕಾಗದ ಹಿಡಿದು ಮರ ನುಣುಪು ಮಾಡುವ ಸಾಲಿನಲ್ಲಿ ಕೂತವಳು, ಎರಡು ವರ್ಷದ ಹಿಂದೆ ತಪಾಸಣೆಯ ಮೇಜಿಗೆ ಬಂದಿದ್ದಳು. ಆ ಸಾಲಿನಿಂದ ಈ ಮೇಜಿಗೆ ಅವಳಿಗಿಂತ ಮುಂಚೆ ಯಾರೂ ಬಂದಿರಲಿಲ್ಲ. ಯಜಮಾನರು ಪತ್ರ ಓದಿ, ಕನ್ನಡಕ ತೆಗೆದು, ದನಿ ಏರಿಸದೆ ಹೇಳಿದರು: “ಇವು ಇಲ್ಲೇ ಉಳಿದ್ರೆ ನಾಳೆಯಿಂದ ನೀನು ಮತ್ತೆ ಉಜ್ಜೋ ಸಾಲಿಗೆ ಹೋಗಮ್ಮ. ಬೇಜಾರು ಮಾಡ್ಕೋಬೇಡ.”

ಅವಳಿಗೆ ಆ ಹೆಸರು ಬಂದದ್ದು ಕೆಲಸದಿಂದ. ಏಣಿಯ ಎರಡು ಬದಿಯ ಉದ್ದ ಮರಗಳಲ್ಲಿ ಬಿರುಕು ಕಂಡರೆ ಮೊದಲು ತೆಳ್ಳನೆಯ ಉಕ್ಕಿನ ಪಟ್ಟಿ ತೂರಿಸಿ ಆಳ ಅಳೆಯುತ್ತಿದ್ದಳು. ಆಮೇಲೆ ಅದರೊಳಕ್ಕೆ ನೀಲಿ ಮಸಿ ಬಿಟ್ಟು ಮಾರನೆಯ ದಿನದವರೆಗೆ ಕಾಯುತ್ತಿದ್ದಳು. ಪಟ್ಟಿ ನುಗ್ಗದ ಕಡೆಗೂ ಮಸಿ ನುಗ್ಗುತ್ತದೆ. ಹಿಂಬದಿಯಲ್ಲಿ ನೀಲಿ ಕಂಡರೆ ಆ ಮರ ಒಲೆಗೆ. ಕಾಣದಿದ್ದರೆ ಪುಸ್ತಕಕ್ಕೆ: ಏಣಿಯ ನಂಬರು, ಬಿರುಕಿನ ಜಾಗ, ಆಳ, ಮತ್ತು ಒಂದು ಇಂಗ್ಲಿಷ್ ಪದ.

ಪದಗಳನ್ನು ಕಲಿಸಿದವರು ಅವಳಿಗಿಂತ ಮೊದಲು ಆ ಮೇಜಿನಲ್ಲಿದ್ದ ಅಜ್ಜ. ಕಂಪನಿಯ ನಿಯಮಪುಸ್ತಕ ಇಂಗ್ಲಿಷಿನಲ್ಲಿತ್ತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಅದು ಕಬ್ಬಿಣದ ಕಡಲೆ. ಅಜ್ಜ ಪುಸ್ತಕ ತೆರೆಯಲೇ ಇಲ್ಲ, ವಸ್ತು ಕೈಗೆ ಕೊಟ್ಟು ಪದ ಹೇಳಿದರು. ಬಟ್ಟೆ ಹರಿದರೆ ಟೇರ್. ಬಟ್ಟಲಿನ ಅಂಚಿನ ಚೂರು ಹಾರಿದರೆ ಚಿಪ್. ಒಣ ಕಡ್ಡಿ ಲಟಕ್ಕನೆ ಮುರಿದರೆ ಸ್ನ್ಯಾಪ್. ಒಳಗಿನ ಒತ್ತಡಕ್ಕೆ ನೀರಿನ ಪೈಪು ಒಡೆದರೆ ಬರ್ಸ್ಟ್. ಗಾಜು ಪುಡಿಪುಡಿಯಾದರೆ ಶ್ಯಾಟರ್, ಗೆರೆ ಬಿಟ್ಟೂ ಚೌಕಟ್ಟಿನಲ್ಲೇ ನಿಂತಿದ್ದರೆ ಕ್ರ್ಯಾಕ್. ಮರಕ್ಕೆ ಮಾತ್ರ ಇನ್ನೆರಡು. ಒಣಗುವಾಗ ಮೇಲುಮೇಲೆ ಬಿಡುವ ಬಿರುಕು ಚೆಕ್. ಬ್ಯಾಂಕಿನ ಚೆಕ್ಕಿಗೂ ಇದಕ್ಕೂ ನಂಟು ಹುಡುಕಬೇಡ ಎಂದಿದ್ದರು. ಈ ಮುಖದಿಂದ ಆ ಮುಖಕ್ಕೆ ದಾಟಿದ್ದು ಸ್ಪ್ಲಿಟ್. ಅಣ್ಣತಮ್ಮಂದಿರು ಬೇರೆಯಾದರೂ ಇಂಗ್ಲಿಷಿನವರು ಸ್ಪ್ಲಿಟ್ ಅಂತಲೇ ಅನ್ನುತ್ತಾರೆ, ಅಲ್ಲೂ ನಡುವೆ ಏನೂ ಅಂಟಿಕೊಂಡಿರೋದಿಲ್ಲ ಎಂದು ಅಜ್ಜ ವಿವರಿಸಿದ್ದರು. ಅವರು ಸ್ವಂತ ತಮ್ಮನ ಜೊತೆ ಮಾತು ಬಿಟ್ಟು ಇಪ್ಪತ್ತು ವರ್ಷವಾಗಿತ್ತು.

ಮಸಿಯಕ್ಕನಿಗೆ ಈ ಲೆಕ್ಕ ಎಷ್ಟು ಹಿಡಿಯಿತೆಂದರೆ, ಮನೆಯಲ್ಲಿ ಗಾಜಿನ ಲೋಟ ಬಿದ್ದಾಗ ಗಂಡ ಪೊರಕೆ ಹಿಡಿದು, ಇದು ಚಿಪ್ಪೋ ಶ್ಯಾಟರೋ ಎಂಬ ಅವಳ ವರದಿ ಮೊದಲು ಮುಗಿಯಲಿ ಎಂದು ಕಾಯುತ್ತಿದ್ದ.

ಅದೇ ಕಾರ್ಖಾನೆಯಲ್ಲಿ ಗರಗಸದ ಕೆಲಸಕ್ಕಿದ್ದ ಅವಳ ಮೈದುನ ಲಾರಿಯಿಂದ ಮೊದಲ ಏಣಿ ಇಳಿಸಿ ನೋಡಿದ. “ಅತ್ತಿಗೆ, ನಿಮ್ಮ ಮಸಿನೇ ನಿಮ್ಮನ್ನ ಹಿಡಿದುಕೊಟ್ಟಿದೆ,” ಎಂದ.

ಮಾತು ನಿಜ. ಮಸಿಯ ಗೆರೆಗಳನ್ನು ಉಜ್ಜಿ ತೆಗೆದ ಮೇಲೆಯೇ ವಾರ್ನಿಷ್ ಬಳಿಯಬೇಕು. ಈ ಲೋಡಿಗೆ ಅವಸರದಲ್ಲಿ ಹಾಗೇ ಬಳಿದಿದ್ದರು. ಕಣ್ಣಿಗೆ ಬೀಳದಂಥ ಬಿರುಕುಗಳೂ ನೀಲಿಯಾಗಿ ಎದ್ದು ಹೊಳೆಯುತ್ತಿದ್ದವು. ಲಾರಿ ಹೊರಡುವ ಮುಂಚೆ ನೋಡಬೇಕಾದವಳು ಅವಳೇ, ನೋಡಿರಲಿಲ್ಲ. ಅಷ್ಟನ್ನು ಯಜಮಾನರ ಕೋಣೆಗೆ ಹೋಗಿ ಒಪ್ಪಿಕೊಂಡಳು. ಆದರೆ ಏಣಿಗಳು ಗಟ್ಟಿಯಾಗಿವೆ, ಅದನ್ನು ತೋರಿಸಲು ಬಿಡಿ ಎಂದು ಕೇಳಿದಳು.

ಎಂಜಿನಿಯರ್ ಬಂದಾಗ ಹನ್ನೊಂದೂ ಇಪ್ಪತ್ತು. ನೀಲಿ ಗೆರೆಗಳ ಮೇಲೆ ಬೆರಳಾಡಿಸಿ, ಈ ಏಣಿ ಹತ್ತು ಎಂದು ತನಗಾಗದವರಿಗೂ ಹೇಳಲಾರೆ ಎಂದ. ಮಸಿಯಕ್ಕ ಅವನದೇ ಕಂಪನಿಯ ನಿಯಮಪುಸ್ತಕ ಬಿಚ್ಚಿಟ್ಟಳು. ಚೆಕ್ ಮರದ ದಪ್ಪದ ನಾಲ್ಕನೇ ಒಂದರಷ್ಟು ಆಳದವರೆಗೆ ಇರಬಹುದು, ಸ್ಪ್ಲಿಟ್ ಎಲ್ಲೂ ಇರಕೂಡದು. ಮರದ ದಪ್ಪ ಮೂವತ್ತೆರಡು ಮಿಲಿಮೀಟರ್, ಮಿತಿ ಎಂಟು. ತಮ್ಮ ಗೋದಾಮಿನ ಫಾರಂನಲ್ಲಿ ಇರುವುದೇ ಸ್ಪ್ಲಿಟ್ ಎಂಬ ಒಂದು ಖಾನೆ, ಗುಮಾಸ್ತ ಇನ್ನೇನು ಬರೆಯುತ್ತಾನೆ ಎಂದು ಎಂಜಿನಿಯರ್ ಕೇಳಿದ. ಆಳದ ವಿಷಯ ನಂಬಿಸುವುದು ಅವಳ ಕೆಲಸ, ತನ್ನದಲ್ಲ ಎಂದೂ ಸೇರಿಸಿದ.

ಹಾಗಾದರೆ ನಿಮಗೆ ಬೇಕಾದ ಮೂರು ಏಣಿ ಆರಿಸಿ, ಬಿರುಕಿನ ಮೇಲೇ ಅಡ್ಡ ಕೊಯ್ದು ತೋರಿಸುತ್ತೇನೆ ಎಂದಳು. ಏಣಿಗಳನ್ನು ಸಾಲಾಗಿ ಒರಗಿಸುವಾಗ ಹದಿನೇಳನೇ ನಂಬರಿನದನ್ನು ಅವಳು ಪಕ್ಕಕ್ಕೆ ಎಳೆದಿಟ್ಟಳು. ಮೆಟ್ಟಿಲು ಕೂರುವ ತೂತಿನ ಬಳಿ ಒಂದು ಸಣ್ಣ ಗೆರೆ ಇತ್ತು. ಅದರಲ್ಲಿ ನೀಲಿ ಇರಲಿಲ್ಲ. ಅಂದರೆ ಅವಳ ಮೇಜು ದಾಟಿದ ಮೇಲೆ ಆದದ್ದು. ಬೆಳಕಿಗೆ ಹಿಡಿದರೆ ಆಚೆ ಬದಿಗೂ ದಾಟಿತ್ತು. ಎಂಜಿನಿಯರ್ ಅದನ್ನು ಗಮನಿಸಿರಲೇ ಇಲ್ಲ.

“ಇದನ್ನ ತಗೋಬೇಡಿ ಸಾರ್. ಇದು ಸ್ಪ್ಲಿಟ್.”

ಯಜಮಾನರು ಹಣೆ ಹಿಡಿದುಕೊಂಡರು. ಎಂಜಿನಿಯರ್ ನಕ್ಕ. “ಅಲ್ಲಿಗೆ ನಮ್ಮ ಪತ್ರ ಸರಿ ಅಂತಾಯ್ತಲ್ಲಮ್ಮ.”

“ಒಂದಕ್ಕೆ ಸರಿ ಸಾರ್. ಮೂವತ್ತೊಂಬತ್ತಕ್ಕೆ ತಪ್ಪು.”

ಮೈದುನ ಗರಗಸ ಶುರು ಮಾಡಿದ. ಮೊದಲ ಏಣಿಯ ಕೊಯ್ದ ಮುಖದಲ್ಲಿ ಮಸಿ ಐದು ಮಿಲಿಮೀಟರಿಗೆ ನಿಂತಿತ್ತು. ಪುಸ್ತಕದಲ್ಲಿ ಐದು ಎಂದೇ ಇತ್ತು. ಎರಡನೆಯದು ಆರು, ಪುಸ್ತಕದಲ್ಲೂ ಆರು. ಮೂರನೆಯದಕ್ಕೆ ಎಂಜಿನಿಯರ್ ಅವಸರ ಮಾಡಲಿಲ್ಲ. ಸಾಲಿನುದ್ದಕ್ಕೂ ಎರಡು ಸಲ ನಡೆದು, ಎಲ್ಲಕ್ಕಿಂತ ಉದ್ದ, ಎಲ್ಲಕ್ಕಿಂತ ಅಗಲ ಗೆರೆಯ ಏಣಿಯನ್ನೇ ಆರಿಸಿದ. ಪುಸ್ತಕದಲ್ಲಿ ಅದಕ್ಕೆ ಏಳೂವರೆ ಎಂದಿತ್ತು. ಮಸಿ ಇನ್ನರ್ಧ ಮಿಲಿಮೀಟರಿಗಿಂತ ಒಂಚೂರು ಆಚೆ ಹೋಗಿದ್ದರೂ ಅವಳ ಮೇಜು ಹೋದಂತೆ. ಉಜ್ಜುವ ಸಾಲಿನಲ್ಲಿ ಕೈಗಳು ನಿಂತವು.

ಮೈದುನ ತುಂಡನ್ನು ಕೊಡವಿ ಅತ್ತಿಗೆಗೆ ಕೊಡಲು ಬಂದ. ಅವಳು ಕೈ ಚಾಚಲಿಲ್ಲ, ಸಾಹೇಬರಿಗೇ ಕೊಡು ಎಂದಳು. ಎಂಜಿನಿಯರ್ ತನ್ನದೇ ಅಳತೆಗೋಲು ಇಟ್ಟ. ಕಿಟಕಿ ಹತ್ತಿರ ಹೋಗಿ ಮತ್ತೆ ಇಟ್ಟ.

“ಏಳೂವರೆ,” ಎಂದ.

ಉಜ್ಜುವ ಸಾಲಿನ ಹದಿನಾಲ್ಕು ಹೆಂಗಸರೂ ಎದ್ದು ನಿಂತರು. ಯಾರೋ ಉಜ್ಜುಕಾಗದದ ಹಲಗೆಯನ್ನು ಮೇಜಿಗೆ ಕುಟ್ಟಿದರು, ಉಳಿದವರೂ ಕುಟ್ಟಿದರು, ಮರದ ಪುಡಿ ಹೊಗೆಯಂತೆ ಎದ್ದಿತು. ಯಜಮಾನರು ಸುಮ್ಮನಿರಿ ಎನ್ನಲು ಬಾಯಿ ತೆರೆದವರು ತಾವೂ ಮೇಜು ಕುಟ್ಟಿದರು. ಮಸಿಯಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಬೆರಳಿನ ಮಸಿ ಕೆನ್ನೆಗೆ ಅಂಟಿತು.

ಎಂಜಿನಿಯರ್ ಪತ್ರ ಕೇಳಿ ಪಡೆದು ಹಳೆಯ ಪದ ಹೊಡೆದುಹಾಕಿದ. ಒಂದು ಸ್ಪ್ಲಿಟ್, ಮೂವತ್ತೊಂಬತ್ತು ಚೆಕ್, ಎಲ್ಲವೂ ಮಿತಿಯೊಳಗೆ ಎಂದು ಬರೆದು, ಪದ ಸರಿಯಾಗಿದೆಯೇ ನೋಡಿ ಎಂದು ಮೊದಲು ಅವಳಿಗೆ ತೋರಿಸಿ, ಆಮೇಲೆ ಸಹಿ ಹಾಕಿದ. ನೀಲಿ ಗೆರೆಗಳನ್ನು ಉಜ್ಜಿ ತೆಗೆಯಬೇಡಿ, ಪರೀಕ್ಷೆಯಾದ ಬಿರುಕು ಯಾವುದೆಂದು ನೋಡಿದ ಕೂಡಲೇ ತಿಳಿಯುತ್ತದೆ, ಹಾಗೇ ಇರಲಿ ಎಂದೂ ಹೇಳಿದ. ಎರಡೂವರೆಗೆ ಮೂವತ್ತಾರು ಏಣಿಗಳು ಲಾರಿ ಹತ್ತಿದವು.

ಮುಂದಿನ ಸೋಮವಾರ ಆ ಕಂಪನಿಯ ಇಬ್ಬರು ತಪಾಸಣೆಯವರು ಬಂದು, ನಾಲ್ಕು ದಿನ ಮಸಿಯಕ್ಕನ ಮೇಜಿನ ಎದುರು ಕೂತು ಕೆಲಸ ಕಲಿತು ಹೋದರು.