ವಿಟಮಿನ್ ಡಬ್ಬಿ

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಹಿರಿಯರು ಹೇಳಿದ್ದಾರೆ. ಈ ಮದುವೆಗೆ ಅಷ್ಟೊಂದು ಬೇಕಾಗಲಿಲ್ಲ, ಎರಡಕ್ಕೇ ಮುಗಿಯಿತು. ಹುಡುಗ ಲಿಫ್ಟ್ ಎಂಜಿನಿಯರ್ ಅನ್ನುವುದು ಒಂದು. ಹುಡುಗಿ ಒಂದು ನೆಗಡಿಯನ್ನೂ ಕಂಡವಳಲ್ಲ ಅನ್ನುವುದು ಇನ್ನೊಂದು.

ಮೊದಲನೆಯದು ಅವಳು ವಿಮಾನ ಇಳಿದ ಮೂರನೇ ದಿನವೇ ಬಯಲಾಯಿತು. ಗ್ರೀಸ್ ಮೆತ್ತಿದ ಅಂಗಿಯನ್ನು ಬಕೆಟ್ಟಿಗೆ ಹಾಕುತ್ತಾ ಗಂಡ, "ಎಂಜಿನಿಯರ್ ಅಂದಿದ್ದು ನಮ್ಮಕ್ಕ. ನಾನು ಬರೀ ಮೆಕ್ಯಾನಿಕ್" ಎಂದು ತಲೆ ಕೆರೆದುಕೊಂಡ. ಅವಳು ನಕ್ಕುಬಿಟ್ಟಳು. ಅಷ್ಟು ಸುಲಭವಾಗಿ ನಕ್ಕಿದ್ದಕ್ಕೆ ಕಾರಣವಿತ್ತು. ಎರಡನೆಯ ಸುಳ್ಳು ಅವಳ ಸೂಟ್‌ಕೇಸಿನಲ್ಲಿತ್ತು.

ಅವಳಿಗೆ ಹದಿನಾರನೇ ವಯಸ್ಸಿನಿಂದ ಮೂರ್ಛೆ ರೋಗ. ದಿನಕ್ಕೆರಡು ಮಾತ್ರೆ ತಪ್ಪದೆ ನುಂಗಿದರೆ ಅದು ತಂಟೆಗೆ ಬರುವುದಿಲ್ಲ. ಕೊನೆಯ ಸಲ ಮೂರ್ಛೆ ಬಂದು ಮೂರು ವರ್ಷವಾಗಿತ್ತು. ಮಗಳು ಹೊರಡುವಾಗ ಅಮ್ಮ ಮಾತ್ರೆಗಳನ್ನೆಲ್ಲ ಬಿಡಿಸಿ ವಿಟಮಿನ್ ಡಬ್ಬಿಗೆ ತುಂಬಿ, "ಕೇಳಿದ್ರೆ ಕೂದಲಿಗೆ ಅನ್ನು" ಎಂದಿದ್ದಳು. ನಲವತ್ತು ದಿನಕ್ಕಾಗುವಷ್ಟಿತ್ತು. ಆಮೇಲೇನು ಅನ್ನುವುದನ್ನು ಅಮ್ಮ ದೇವರಿಗೆ ಬಿಟ್ಟಿದ್ದಳು. ಈ ಪರದೇಶದಲ್ಲಿ ಡಾಕ್ಟರ ಚೀಟಿ ಇಲ್ಲದೆ ಆ ಮಾತ್ರೆ ಸಿಗದು, ವಿಮೆ ಇಲ್ಲದೆ ಡಾಕ್ಟರು ಸಿಗರು.

ಗಂಡನಿಗೆ ವಿಮೆಯ ಚಿಂತೆ ಇರಲಿಲ್ಲವೆಂದಲ್ಲ. ತುಸು ಹೆಚ್ಚೇ ಇತ್ತು. ಕಂಪನಿಯ ವಿಮೆಗೆ ಹೆಂಡತಿಯನ್ನು ಸೇರಿಸಬಹುದಿತ್ತು, ಆದರೆ ಅವಳು ಬಂದ ಮೂವತ್ತು ದಿನದೊಳಗೆ ಅರ್ಜಿ ಕೊಡಬೇಕು, ಸಂಬಳದಲ್ಲಿ ಹಿಡಿಯುವುದೂ ಜಾಸ್ತಿ. "ಗುಂಡುಕಲ್ಲಿನ ಹಾಗಿದ್ದೀಯ, ನಿನಗ್ಯಾಕೆ ಆ ದುಬಾರಿದು?" ಎಂದು ಅವನು ಹೊರಗೆ ಅಗ್ಗದ್ದನ್ನು ಹುಡುಕುತ್ತಾ ಹೋದ. ಹುಡುಕಿ ಹುಡುಕಿ ಕೊನೆಗೆ ತಮ್ಮ ಭಾಷೆಯವರೇ ಆದ ಒಬ್ಬ ಏಜೆಂಟ್ ಅಕ್ಕನನ್ನು ಹಿಡಿದ.

ಆಕೆ ಕೊಟ್ಟ ಅರ್ಜಿಯಲ್ಲಿ ಹದಿನೆಂಟು ಪ್ರಶ್ನೆಗಳಿದ್ದವು. ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಗಂಡ ಓದತೊಡಗಿದ.

"ಸಕ್ಕರೆ ಕಾಯಿಲೆ?"

"ಇಲ್ಲ."

"ಬಿ.ಪಿ.?"

"ಇಲ್ಲ."

"ಫಿಟ್ಸು, ಮೂರ್ಛೆ?"

ಪಾತ್ರೆ ತೊಳೆಯುತ್ತಿದ್ದ ಅವಳು ನಲ್ಲಿಯನ್ನು ಜೋರು ಮಾಡಿದಳು. "ಇಲ್ಲಾರೀ."

"ಭೇಷ್! ಶೋರೂಮಿಂದ ಸೀದಾ ಬಂದಿದ್ದೀಯ" ಎಂದು ಅವನು ಅಲ್ಲೂ "ಇಲ್ಲ" ಬರೆದ. ಅವಳಿಗೆ ನಾಚಿಕೆಯಾಯಿತು. ಆದರೂ ಬಾಯಿ ಬಿಡಲಿಲ್ಲ.

ಸಹಿಯನ್ನು ಏಜೆಂಟ್ ಎದುರಿಗೇ ಹಾಕಬೇಕಿತ್ತು. ಆಕೆಯ ಆಫೀಸು ಐದನೇ ಮಹಡಿಯಲ್ಲಿ. ಅದೇ ಕಟ್ಟಡದ ಲಿಫ್ಟಿನ ತಪಾಸಣೆ ಅವತ್ತು ಗಂಡನ ಪಾಲಿಗೆ ಬಂದಿತ್ತು. ಒಂದೇ ಕಲ್ಲಿಗೆ ಎರಡು ಹಕ್ಕಿ ಎಂದು ಅವಳನ್ನೂ ಬೆಳಿಗ್ಗೆಯೇ ಕರೆದುಕೊಂಡು ಹೋದ. ಅವಳು ಬಂದು ಅವತ್ತಿಗೆ ಇಪ್ಪತ್ತೆಂಟನೇ ದಿನ.

ಅವನು ಮುಚ್ಚುವ ಬಾಗಿಲಿಗೆ ಹತ್ತಿಪ್ಪತ್ತು ಸಲ ಕೈ ಅಡ್ಡ ಹಿಡಿದು ನೋಡಿದ. ಎರಡು ಸಲ ಬಾಗಿಲು ನಿಲ್ಲುವುದು ಒಂದು ಚೂರು ತಡವಾಯಿತು. ಲಿಫ್ಟಿನ ತಪಾಸಣೆ ಪುಸ್ತಕ ತೆರೆದು ಜೇಬಿನಿಂದ ಪೆನ್ನು ತೆಗೆದದ್ದೇ ಕಟ್ಟಡ ನೋಡಿಕೊಳ್ಳುವ ಮುದುಕ ಓಡಿಬಂದ.

"ಚೆನ್ನಾಗೇ ಓಡ್ತಿದೆಯಲ್ಲಪ್ಪ, ಪುಸ್ತಕದಲ್ಲಿ ಬರೀಬೇಡ. ಬಾಡಿಗೆಯವರು ನನ್ನ ಜೀವ ತಿಂತಾರೆ."

"ಬರೆದ್ರೆ ಇವತ್ತೇ ಸರಿ ಮಾಡಬಹುದು ತಾತ. ಬರೀದಿದ್ರೆ ಯಾರದ್ದೋ ಕೈ ಸಿಕ್ಕಿಕೊಂಡ ಮೇಲೆ ಗೊತ್ತಾಗುತ್ತೆ" ಎಂದ ಗಂಡ, ಬರೆಯುತ್ತಲೇ. "ಕೆಟ್ಟ ಲಿಫ್ಟ್ ಕಂಡ್ರೆ ನಂಗೆ ಭಯ ಇಲ್ಲ. ಪುಸ್ತಕ ಖಾಲಿ ಇರೋ ಲಿಫ್ಟ್ ಕಂಡ್ರೆ ಭಯ."

ಬಾಗಿಲು ಸರಿಮಾಡಿ, ಕೈ ಒರೆಸಿಕೊಂಡು, ಇಬ್ಬರೂ ಅದೇ ಲಿಫ್ಟ್ ಹತ್ತಿದರು. ಎರಡನೇ ಮಹಡಿ ದಾಟುವಾಗ ಅವಳು ಬಾಯಿಬಿಟ್ಟಳು.

"ರೀ, ಆ ಡಬ್ಬೀಲಿರೋದು ವಿಟಮಿನ್ ಅಲ್ಲ."

ಐದನೇ ಮಹಡಿಯಲ್ಲಿ ಬಾಗಿಲು ತೆರೆಯಿತು, ಮುಚ್ಚಿತು. ಯಾರೂ ಇಳಿಯಲಿಲ್ಲ. ಕೆಳಗಿನಿಂದ ಯಾರೋ ಗುಂಡಿ ಒತ್ತಿದರು. ಲಿಫ್ಟ್ ಕೆಳಗೆ ಹೋಗಿ ಮತ್ತೆ ಮೇಲೆ ಬರುವಷ್ಟರಲ್ಲಿ ಹನ್ನೊಂದು ವರ್ಷದ ಕಥೆ ಮುಗಿದಿತ್ತು. ಈ ಸಲ ಇಬ್ಬರೂ ಇಳಿದರು. ಅವನು ಏಜೆಂಟ್ ಅಕ್ಕನ ಮೇಜಿನ ಮೇಲೆ ಅರ್ಜಿ ಇಟ್ಟು, ಮೂರ್ಛೆಯ ಮುಂದಿದ್ದ "ಇಲ್ಲ" ಹೊಡೆದುಹಾಕಿ "ಇದೆ" ಎಂದು ಬರೆದ.

ಆಕೆ ಕನ್ನಡಕ ಏರಿಸಿದಳು. "ಅಯ್ಯೋ, ಹಾಗಿದ್ರೆ ಈ ವಿಮೆಯವರು ನಿನ್ನನ್ನ ತಗೊಳ್ಳಲ್ಲಮ್ಮ. ಸುಳ್ಳು ಬರೆದಿದ್ರೆ ತಗೊಳ್ತಿದ್ರು, ಆಸ್ಪತ್ರೆ ಸೇರಿದ ದಿನ ಕೈ ಎತ್ತಿಬಿಡ್ತಿದ್ರು." ಆಮೇಲೆ ಅವನ ಕಡೆ ತಿರುಗಿದಳು. "ನಿಮ್ಮ ಕಂಪನಿ ವಿಮೆ ಇದೆ ಅಂದಿದ್ರಲ್ಲ? ಅದರಲ್ಲಿ ಕಾಯಿಲೆ ಇದೆಯಾ ಅಂತ ಕೇಳೋದೇ ಇಲ್ಲ. ಇವಳು ಬಂದು ಎಷ್ಟು ದಿನ ಆಯ್ತು?"

"ಇಪ್ಪತ್ತೆಂಟು."

"ಮತ್ತೆ ಇಲ್ಲಿ ಯಾಕೆ ಕೂತಿದ್ದೀರಿ?"

ಕಂಪನಿಯ ಆಫೀಸಿಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಅವನು ಕಿಟಕಿಯಾಚೆ ನೋಡುತ್ತಾ ಕೂತ. ಅಲ್ಲಿಯ ಅರ್ಜಿ ಅರ್ಧ ಪುಟ: ಹೆಸರು, ಹುಟ್ಟಿದ ದಿನ, ಸಂಬಂಧ, ಬಂದ ದಿನ. ಗುಮಾಸ್ತೆ ಠಪ್ಪೆಂದು ಮೊಹರು ಒತ್ತಿ, "ನಾಳೆಯಿಂದಲೇ ಡಾಕ್ಟರ ಹತ್ತಿರ ಹೋಗಬಹುದು" ಎಂದಳು.

ಬಸ್ ನಿಲ್ದಾಣದ ಬೆಂಚಿನ ಮೇಲೆ ಅವಳೇ ಮಾತು ತೆಗೆದಳು. "ಮೊದಲ ದಿನವೇ ಇದನ್ನ ತುಂಬಿಸಿದ್ರೆ ನಾನು ಹೇಳ್ತಾನೇ ಇರಲಿಲ್ಲ."

"ಗೊತ್ತು."

"ಕೋಪಾನಾ?"

"ಹೂಂ. ಇನ್ನೂ ನಾಲ್ಕು ದಿನ ಇರುತ್ತೆ." ಅವನು ಅವಳ ಕಡೆ ತಿರುಗಿದ. "ಬಚ್ಚಲಲ್ಲಿ ಬಿದ್ದಿದ್ರೆ? ನಾನು ಏನೂಂತ ತಿಳ್ಕೋಬೇಕಿತ್ತು?"

ಅವನು ಜೇಬಿನಿಂದ ಗ್ರೀಸ್ ಹತ್ತಿದ ಪುಟ್ಟ ಪುಸ್ತಕ ತೆಗೆದು ಹೊಸ ಹಾಳೆ ತಿರುವಿದ.

"ಬಂದ್ರೆ ನಾನು ಏನು ಮಾಡಬೇಕು? ಒಂದೊಂದಾಗಿ ಹೇಳು."

ಅವಳು ಅವನನ್ನೇ ನೋಡಿದಳು. ಇಷ್ಟು ವರ್ಷ, ಪ್ರತಿ ಸಲ ಅವಳು ಕಣ್ಣು ಬಿಟ್ಟಾಗ ಅಮ್ಮ ಮೊದಲು ಕೇಳುತ್ತಿದ್ದದ್ದು, "ಯಾರಾದ್ರೂ ನೋಡಿದ್ರಾ?" ಅಂತ.

"ಪಕ್ಕಕ್ಕೆ ಹೊರಳಿಸಿ" ಎಂದಳು. "ಬಾಯಿಗೆ ಏನೂ ತುರುಕಬೇಡಿ. ಗಡಿಯಾರ ನೋಡ್ಕೊಳ್ಳಿ. ಐದು ನಿಮಿಷ ಮೀರಿದ್ರೆ ಆಂಬುಲೆನ್ಸ್‌ಗೆ ಫೋನ್ ಮಾಡಿ."

ಅವನು ಬರೆದುಕೊಂಡ. "ಆಮೇಲೆ?"

"ಆಮೇಲೆ ಏನಿಲ್ಲ. ನಾನು ಏಳೋವರೆಗೂ ಅಲ್ಲೇ ಇರಿ."

ಅದನ್ನೂ ಬರೆದುಕೊಂಡ.