ಗಡಿ ದಾಟಿದ ಆಂಬ್ಯುಲೆನ್ಸ್

ಆ ಬೀದಿಗೆ ಎರಡು ಸರ್ಕಾರ. ಎರಡು ರಾಜ್ಯಗಳ ಗಡಿ ಬೀದಿಯ ನಟ್ಟನಡುವೆ ಹಾದುಹೋಗುತ್ತದೆ. ಈ ಬದಿಯ ಮನೆಗಳು ಒಂದು ರಾಜ್ಯಕ್ಕೆ ಸೇರಿದರೆ ಎದುರು ಬದಿಯ ಮನೆಗಳು ಇನ್ನೊಂದಕ್ಕೆ. ಕಸದ ಗಾಡಿ ಈ ಬದಿಗೆ ಮಂಗಳವಾರ ಬರುತ್ತದೆ, ಆ ಬದಿಗೆ ಶುಕ್ರವಾರ. ಇಲ್ಲಿ ಕರೆಂಟ್ ಹೋದಾಗ ಎದುರು ಮನೆಯ ಟಿವಿ ಜೋರಾಗಿ ಹಾಡುತ್ತಿರುತ್ತದೆ. ಆ ಬದಿಯ ಶಾಲೆಗೆ ರಜೆ ಕೊಟ್ಟ ದಿನ ಈ ಬದಿಯ ಮಕ್ಕಳು ಮುಖ ಊದಿಸಿಕೊಂಡು ಚೀಲ ಹೊರುತ್ತಾರೆ. ಜನ ಇದನ್ನೆಲ್ಲ ತಮಾಷೆ ಎಂದೇ ತಿಳಿದಿದ್ದರು. ತನ್ನ ಕೋಳಿ ದಿನಕ್ಕೆ ಹತ್ತು ಸಲ ರಾಜ್ಯ ದಾಟುತ್ತದೆ, ಅದಕ್ಕೆ ಯಾರ ಅಪ್ಪಣೆಯೂ ಬೇಡ ಎಂದು ಟೈಲರಕ್ಕ ನಗಾಡುತ್ತಿದ್ದಳು.

ಆ ನಗು ಹೋದ ವರ್ಷ ನಿಂತುಹೋಯಿತು.

ಟೈಲರಕ್ಕನ ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಎರಡು ಹೊಲಿಗೆ ಯಂತ್ರ, ಒಂದು ಉದ್ದನೆಯ ಮೇಜು. ಬೀದಿಯ ಎರಡೂ ಬದಿಯ ಶಾಲೆಗಳಿಗೆ ಅವಳೇ ಸಮವಸ್ತ್ರ ಹೊಲಿಯುತ್ತಾಳೆ. ಗಂಡ ಮರದ ಮಿಲ್ಲಿನಲ್ಲಿ ಕೆಲಸ ಮಾಡುತ್ತಾನೆ. ಒಬ್ಬಳೇ ಮಗಳು. ಅಳಿಯ ಸರಕಿನ ಲಾರಿ ಓಡಿಸುತ್ತಾನೆ. ನಾಲ್ವರೂ ಒಂದೇ ಮನೆಯಲ್ಲಿದ್ದಾರೆ.

ಹೋದ ವರ್ಷ ಮಗಳಿಗೆ ಚೊಚ್ಚಲ ಹೆರಿಗೆಯ ನೋವು ಬಂತು. ನೋವಿನ ಜೊತೆಗೆ ರಕ್ತ ಹೋಗತೊಡಗಿತು. ಅಳಿಯ ಲಾರಿ ತೆಗೆದುಕೊಂಡು ದೂರ ಹೋಗಿದ್ದ. ಫೋನ್ ಮಾಡಿದೊಡನೆ ಆಂಬ್ಯುಲೆನ್ಸ್ ಬಂತು, ಅದರಲ್ಲಿ ತಪ್ಪಿರಲಿಲ್ಲ. ಗಡಿಯ ಆಚೆ ಹತ್ತೇ ನಿಮಿಷದ ದಾರಿಯಲ್ಲಿ ಆಪರೇಷನ್ ಕೋಣೆಯಿರುವ ಆಸ್ಪತ್ರೆ ಇದೆ. ಅಲ್ಲಿಗೆ ನಡೆಯಿರಿ ಎಂದಾಗ ಚಾಲಕನ ಮುಖ ಬಾಡಿತು.

"ಅದು ನಮ್ಮ ರಾಜ್ಯದ್ದಲ್ಲ ಅಮ್ಮಾ. ಈ ಗಾಡಿ ಗಡಿ ದಾಟೋ ಹಾಗಿಲ್ಲ. ದಾಟಿದ್ರೂ ಅವರು ಒಳಗೆ ಸೇರಿಸ್ಕೊಳ್ಳಲ್ಲ" ಎಂದ.

ಆಚೆ ರಾಜ್ಯದ ನಂಬರಿಗೆ ಫೋನ್ ಮಾಡಿದರು. ಅಲ್ಲಿಯ ಹುಡುಗಿ ವಿಳಾಸ ಕೇಳಿ, ಅದು ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದಳು. ಈ ಮಾತುಕತೆಯಲ್ಲೇ ಅರ್ಧ ಗಂಟೆ ಕಳೆಯಿತು. ಸ್ವಂತ ರಾಜ್ಯದ ಆಸ್ಪತ್ರೆ ಒಂದೂವರೆ ಗಂಟೆಯ ದಾರಿ. ಅಲ್ಲಿಗೆ ಹೋಗಿ ಮುಟ್ಟುವಷ್ಟರಲ್ಲಿ ಮಗು ಉಳಿಯಲಿಲ್ಲ. ಮಗಳು ಉಳಿದಳು.

ಈಗ ಅವಳು ಮತ್ತೆ ಬಸುರಿ, ಐದು ತಿಂಗಳು. ತಿಂಗಳಿಗೊಮ್ಮೆ ಮನೆಗೆ ಬರುವ ನರ್ಸಮ್ಮ ಬಂದು ಮಗಳ ರಕ್ತದ ಒತ್ತಡ ನೋಡಿ, ತೂಕ ನೋಡಿ, ಎಲ್ಲ ಸರಿಯಾಗಿದೆ ಎಂದರು. ಟೈಲರಕ್ಕನಿಗೆ ಸಮಾಧಾನವಾಗಲಿಲ್ಲ. ಒಂಬತ್ತು ತಿಂಗಳು ತುಂಬುತ್ತಿದ್ದಂತೆ ಮಗಳನ್ನು ಕರೆದುಕೊಂಡು ದೂರದ ಆಸ್ಪತ್ರೆಯ ಪಕ್ಕದಲ್ಲೇ ಒಂದು ಕೋಣೆ ಹಿಡಿಯುತ್ತೇನೆ, ಹೊಲಿಗೆ ಯಂತ್ರಕ್ಕೆ ಬೀಗ ಹಾಕುತ್ತೇನೆ ಎಂದಳು. ಆಮೇಲೆ ವರ್ಷದಿಂದ ಎದೆಯಲ್ಲಿ ಕೂತಿದ್ದ ಮಾತು ಹೊರಗೆ ಬಂತು.

"ಇಷ್ಟೊಂದು ಸರ್ಕಾರ ಯಾಕೆ ಬೇಕು ನರ್ಸಮ್ಮ? ಊರಿಗೊಂದು, ರಾಜ್ಯಕ್ಕೊಂದು, ದೇಶಕ್ಕೊಂದು. ಒಂದೇ ಇದ್ದಿದ್ರೆ ನನ್ನ ಮೊಮ್ಮಗು ಬದುಕಿರ್ತಿತ್ತು."

ನರ್ಸಮ್ಮ ಯಂತ್ರದ ಮುಂದಿನ ಸ್ಟೂಲ್ ಎಳೆದುಕೊಂಡು ಕೂತರು.

"ನೀವು ಹೇಳೋದು ಸುಳ್ಳಲ್ಲ ಅಕ್ಕ. ಆವತ್ತು ಆ ಗಡಿ ಇಲ್ಲದಿದ್ರೆ ಮಗು ಉಳೀತಿತ್ತೇನೋ. ಆದ್ರೆ ಒಂದೇ ಸರ್ಕಾರ ಇದ್ದಿದ್ರೆ ಆ ಆಸ್ಪತ್ರೆಯೇ ಇರ್ತಿರಲಿಲ್ಲ."

ಅದು ಹೇಗೆ ಎಂದು ಟೈಲರಕ್ಕ ಕೇಳಿದಳು. ನರ್ಸಮ್ಮ ಬಿಡಿಸಿ ಹೇಳಿದರು. ಈ ಭಾಗದಲ್ಲಿ ಜನಸಂಖ್ಯೆ ಕಡಿಮೆ, ಇಲ್ಲಿಗೆ ದೊಡ್ಡ ಆಸ್ಪತ್ರೆ ಬೇಡ ಎಂದು ಕೇಂದ್ರ ಸರ್ಕಾರ ಹಿಂದೆಯೇ ಬರೆದು ಕೈತೊಳೆದುಕೊಂಡಿತ್ತು. ದೂರದ ರಾಜಧಾನಿಯಲ್ಲಿ ಕೂತವರಿಗೆ ಇಲ್ಲಿಯ ದಾರಿ ಹೇಗೆ ಕಾಣಬೇಕು? ಆದರೆ ಆಚೆ ರಾಜ್ಯದ ಸರ್ಕಾರ, ನಮ್ಮ ಜನರ ಕಷ್ಟ ನಮಗೆ ಗೊತ್ತು ಎಂದು ತಾನೇ ಕಟ್ಟಿಸಿತು. ಮನೆಮನೆಗೆ ಬರುವ ನರ್ಸ್ ಕೆಲಸವೂ ಹಾಗೆಯೇ ಶುರುವಾದದ್ದು. ಯಾವುದೋ ಒಂದು ಸಣ್ಣ ರಾಜ್ಯ ಮೊದಲು ಮಾಡಿ ನೋಡಿತು. ಅಲ್ಲಿ ತಾಯಂದಿರ ಸಾವು ಕಡಿಮೆಯಾಯಿತು. ಉಳಿದ ರಾಜ್ಯಗಳು ನೋಡಿ ಕಲಿತವು. ಕೆಲಸ ಕೆಟ್ಟಿದ್ದರೂ ಒಂದೇ ರಾಜ್ಯದಲ್ಲಿ ಕೆಡುತ್ತಿತ್ತು, ದೇಶಕ್ಕೆಲ್ಲ ಕೆಡುತ್ತಿರಲಿಲ್ಲ.

"ಇದಕ್ಕೆ ಒಕ್ಕೂಟ ವ್ಯವಸ್ಥೆ ಅಂತಾರೆ. ಅಧಿಕಾರ ಒಂದೇ ಕೈಲಿ ಇರಲ್ಲ, ಹಂಚಿರ್ತಾರೆ. ಹಂಚಿದ್ದಕ್ಕೆ ಒಳ್ಳೇದೂ ಆಗುತ್ತೆ, ತಾಪತ್ರಯವೂ ಇರುತ್ತೆ. ಗಡಿಯಲ್ಲಿ ಇರೋರಿಗೆ ತಾಪತ್ರಯವೇ ಜಾಸ್ತಿ" ಎಂದರು ನರ್ಸಮ್ಮ.

ಹಾಗಾದರೆ ನಮ್ಮ ಗಾಡಿಯ ವಿಷಯಕ್ಕೆ ಯಾರನ್ನು ಹಿಡಿಯಬೇಕು ಎಂದು ಟೈಲರಕ್ಕ ಕೇಳಿದಳು. ನರ್ಸಮ್ಮ ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣ ತೆಗೆದುಕೊಂಡು ಮೇಜಿನ ಮೇಲೆ ಬರೆದರು. ಬೀದಿದೀಪ, ಚರಂಡಿ, ಕಸ ಪುರಸಭೆಯ ಕೆಲಸ. ಆಸ್ಪತ್ರೆ, ಆಂಬ್ಯುಲೆನ್ಸ್, ಪೊಲೀಸು ರಾಜ್ಯದ್ದು. ಸೈನ್ಯ, ನಾಣ್ಯ, ರಾಷ್ಟ್ರೀಯ ಹೆದ್ದಾರಿ ಕೇಂದ್ರದ್ದು. ಎರಡು ರಾಜ್ಯಗಳ ನಡುವಿನ ಮಾತಾದರೆ ಅವು ತಾವೇ ಕೂತು ಒಪ್ಪಂದ ಮಾಡಿಕೊಳ್ಳಬಹುದು. ಕೂರದಿದ್ದರೆ ಕೂರಿಸುವ ಕೆಲಸ ಕೇಂದ್ರದ್ದು. ಆದರೆ ಕೇಳುವವರು ಇಲ್ಲದಿದ್ದರೆ ಯಾರೂ ಕೂರುವುದಿಲ್ಲ. ಮೊದಲು ಎರಡೂ ಬದಿಯ ಪುರಸಭೆಗಳಲ್ಲಿ ನಿರ್ಣಯ ಆಗಬೇಕು.

ಸಂಜೆ ಗಂಡನಿಗೆ ಹೇಳಿದರೆ ಅವನು ಆಗದು ಎಂದು ತಲೆಯಾಡಿಸಿದ. ಕಚೇರಿ ಮೆಟ್ಟಿಲು ಹತ್ತಿ ಇಳಿದು ನಿನ್ನ ಚಪ್ಪಲಿ ಸವೆಯುತ್ತದೆ ಅಷ್ಟೇ ಎಂದ. ಸವೆಯಲಿ, ಇನ್ನೂ ನಾಲ್ಕು ತಿಂಗಳಿದೆ ಎಂದಳು ಟೈಲರಕ್ಕ.

ಈ ಬದಿಯ ಪುರಸಭೆಯಲ್ಲಿ ನಿರ್ಣಯ ಸಲೀಸಾಗಿ ಆಯಿತು. ಕೇಳುವುದು ಎದುರು ಬದಿಯವರನ್ನು ತಾನೇ, ಇವರಿಗೇನು ಕಷ್ಟ? ಆ ಬದಿಯ ಸಭೆಯಲ್ಲಿ ಮಾತ್ರ ಸೈಕಲ್ ಅಂಗಡಿಯ ಮೀಸೆ ಮಾವ ಎದ್ದು ನಿಂತರು. ಅವರು ಅಲ್ಲಿಯ ಪುರಸಭೆ ಸದಸ್ಯರು. ಟೈಲರಕ್ಕನನ್ನು ಚಿಕ್ಕಂದಿನಿಂದ ಬಲ್ಲವರು. ಆದರೂ ಮುಲಾಜು ನೋಡಲಿಲ್ಲ.

"ಆ ಆಸ್ಪತ್ರೆ ನಮ್ಮ ತೆರಿಗೆಯದ್ದು ತಾಯಿ. ಇರೋದೇ ಮೂವತ್ತು ಹಾಸಿಗೆ. ನಿಮ್ಮವರು ಬಂದು ಮಲಗಿದ್ರೆ ನಮ್ಮ ಹೆಣ್ಣುಮಕ್ಕಳು ಎಲ್ಲಿಗೆ ಹೋಗ್ಬೇಕು?"

ಮಾತು ಖಾರವಾಗಿತ್ತು, ಆದರೆ ಅದರಲ್ಲಿ ನ್ಯಾಯವೂ ಇತ್ತು. ಟೈಲರಕ್ಕ ಜಗಳಕ್ಕೆ ಹೋಗಲಿಲ್ಲ. ವರ್ಷಕ್ಕೆ ತಮ್ಮ ಬದಿಯಲ್ಲಿ ಎಷ್ಟು ಹೆರಿಗೆ, ಅದರಲ್ಲಿ ತುರ್ತಿನವು ಎಷ್ಟು ಎಂದು ನರ್ಸಮ್ಮ ಬರೆದುಕೊಟ್ಟಿದ್ದ ಚೀಟಿ ಓದಿದಳು. ತುರ್ತಿನವು ಏಳೇ ಏಳು. ಆಮೇಲೆ ನಿಮಗೆ ನಮ್ಮಿಂದ ಏನು ಬೇಕೋ ಹೇಳಿ, ನಿಮ್ಮ ಪರವಾಗಿ ನಾನೇ ನಮ್ಮ ಸರ್ಕಾರವನ್ನು ಕೇಳುತ್ತೇನೆ ಎಂದಳು.

ಮೀಸೆ ಮಾವ ಯೋಚಿಸಿದರು. ಎರಡು ವರ್ಷದ ಹಿಂದೆ ಅವರ ಟೈರಿನ ಉಗ್ರಾಣಕ್ಕೆ ಬೆಂಕಿ ಬಿದ್ದಿತ್ತು. ಅವರ ರಾಜ್ಯದ ಅಗ್ನಿಶಾಮಕ ಗಾಡಿ ಬರಲು ಒಂದು ಗಂಟೆ ಬೇಕಾಯಿತು. ಈ ಬದಿಯ ಗಾಡಿ ಕೂಗಳತೆಯಲ್ಲೇ ನಿಂತಿತ್ತು, ಆದರೆ ಗಡಿ ದಾಟಲಿಲ್ಲ. ನಿಮ್ಮ ಬೆಂಕಿ ಗಾಡಿ ನಮಗೆ ಬರಲಿ, ನಮ್ಮ ಆಸ್ಪತ್ರೆ ನಿಮಗೆ ತೆರೆಯಲಿ, ಎರಡನ್ನೂ ಒಟ್ಟಿಗೆ ಬರೆಯಿರಿ ಎಂದರು. ಸಭೆ ಕೈಯೆತ್ತಿತು.

ಅಲ್ಲಿಂದ ಮುಂದೆ ದಾರಿ ಕಲ್ಲುಮುಳ್ಳಾಯಿತು. ಟೈಲರಕ್ಕ ಎರಡೂ ನಿರ್ಣಯಗಳ ಪ್ರತಿಯನ್ನು ರಾಜ್ಯಕ್ಕೂ ಕೇಂದ್ರಕ್ಕೂ ಕಳಿಸಿದಳು. ರಾಜ್ಯದ ಆರೋಗ್ಯ ಇಲಾಖೆಯಿಂದ ಉತ್ತರ ಬಂತು: ಇದು ಎರಡು ರಾಜ್ಯಗಳ ವಿಷಯ, ಕೇಂದ್ರಕ್ಕೆ ಬರೆಯಿರಿ. ಅದೇ ವಾರ ಕೇಂದ್ರದಿಂದಲೂ ಬಂತು: ಆರೋಗ್ಯ ರಾಜ್ಯದ ವಿಷಯ, ರಾಜ್ಯಕ್ಕೆ ಬರೆಯಿರಿ. ಗಂಡ ಎರಡನ್ನೂ ಓದಿ, ನಾನು ಹೇಳಿರಲಿಲ್ಲವೇ ಎಂಬಂತೆ ನೋಡಿದ. ನರ್ಸಮ್ಮನೂ ಒಪ್ಪಿಕೊಂಡರು. ಕೆಲಸ ಹಂಚಿಕೊಂಡವರು ತಪ್ಪನ್ನೂ ಒಬ್ಬರ ಮೇಲೊಬ್ಬರು ಹಾಕುತ್ತಾರೆ, ಈ ವ್ಯವಸ್ಥೆಯ ದೊಡ್ಡ ಕಾಯಿಲೆಯೇ ಅದು ಎಂದರು.

ಟೈಲರಕ್ಕ ಎರಡು ಪತ್ರಗಳನ್ನೂ ಒಂದೇ ಪಿನ್ನಿಗೆ ಚುಚ್ಚಿದಳು. ಎರಡು ನಿರ್ಣಯಗಳ ಜೊತೆ ಹಿಡಿದುಕೊಂಡು ಜಿಲ್ಲಾ ಆರೋಗ್ಯಾಧಿಕಾರಿಯ ಕಚೇರಿಗೆ ಹೋದಳು. ನಾಳೆ ಬನ್ನಿ ಎಂದ ಗುಮಾಸ್ತ. ಇಲ್ಲೇ ಕೂರುತ್ತೇನೆ ಎಂದು ಅವಳು ಬೆಂಚಿನ ಮೇಲೆ ಕೂತು ಚೀಲದಿಂದ ಮಕ್ಕಳ ಅಂಗಿ ತೆಗೆದು ಗುಂಡಿ ಹಾಕತೊಡಗಿದಳು. ಮರುದಿನವೂ ಬಂದು ಕೂತಳು, ಅದರ ಮರುದಿನವೂ ಬಂದಳು. ಮೂರನೇ ದಿನ ಮಧ್ಯಾಹ್ನ ಅಧಿಕಾರಿಯೇ ಹೊರಗೆ ಬಂದು ಏನಮ್ಮಾ ನಿಮ್ಮ ಕೆಲಸ ಎಂದು ಕೇಳಿದರು. ಅವರು ಒಳ್ಳೆಯ ಮನುಷ್ಯ. ಕಾಗದ ಓದಿ, ಬೇರೆ ರಾಜ್ಯದ ಜೊತೆ ಸಹಿ ಹಾಕುವ ಅಧಿಕಾರ ನನಗಿಲ್ಲ, ಆದರೆ ಇದು ಆಗಬೇಕಾದ ಕೆಲಸ ಎಂದು ಮೇಲಿನವರಿಗೆ ಬರೆಯುತ್ತೇನೆ ಎಂದರು. ಅವತ್ತೇ ಬರೆದರು.

ಇನ್ನು ಉಳಿದವರು ಆರಿಸಿಹೋದ ನಾಯಕರು. ಈ ಬದಿಯ ಶಾಸಕರದ್ದು ಒಂದು ಪಕ್ಷ, ಆ ಬದಿಯ ಶಾಸಕರದ್ದು ಇನ್ನೊಂದು. ಒಬ್ಬರು ಹೌದೆಂದರೆ ಇನ್ನೊಬ್ಬರು ಅಲ್ಲ ಎನ್ನುವ ಸಂಬಂಧ. ಟೈಲರಕ್ಕ ಈ ಬದಿಯ ಮನೆಗಳಲ್ಲಿ, ಮೀಸೆ ಮಾವ ಆ ಬದಿಯ ಮನೆಗಳಲ್ಲಿ ಸಹಿ ಹಾಕಿಸಿದರು. ಇಬ್ಬರೂ ಒಟ್ಟಿಗೇ ಹೋಗಿ ಇಬ್ಬರು ಶಾಸಕರಿಗೂ ಕೊಟ್ಟರು. ಒಂದು ಪ್ರತಿ ಸಂಸದರ ಕೈಗೂ ಹೋಯಿತು. ಚುನಾವಣೆಗೆ ಹೆಚ್ಚು ದಿನ ಇರಲಿಲ್ಲ. ಎರಡೂ ರಾಜ್ಯದ ವಿಧಾನಸಭೆಗಳಲ್ಲಿ ಪ್ರಶ್ನೆ ಎದ್ದಿತು. ಕೇಂದ್ರದ ಅಧಿಕಾರಿಯೊಬ್ಬರು ಎರಡೂ ರಾಜ್ಯದವರನ್ನು ಒಂದೇ ಕೋಣೆಯಲ್ಲಿ ಕೂರಿಸಿದರು. ಮಗಳಿಗೆ ಒಂಬತ್ತು ತಿಂಗಳು ತುಂಬುವ ಹೊತ್ತಿಗೆ ಒಪ್ಪಂದಕ್ಕೆ ಸಹಿ ಬಿತ್ತು. ಎರಡೂ ರಾಜ್ಯದ ಗಾಡಿಗಳು ಗಡಿ ದಾಟಬಹುದು, ಆಸ್ಪತ್ರೆ ಸೇರಿಸಿಕೊಳ್ಳಬೇಕು; ತುರ್ತಿನ ಹೆರಿಗೆ ಮತ್ತು ಬೆಂಕಿ ಅನಾಹುತಕ್ಕೆ ಮಾತ್ರ, ಸದ್ಯಕ್ಕೆ ಒಂದು ವರ್ಷ.

ದೂರದ ಊರಿನಲ್ಲಿ ಕೋಣೆ ಹಿಡಿಯುವ ಮಾತು ಅಲ್ಲಿಗೆ ನಿಂತಿತು. ಹತ್ತು ದಿನ ಕಳೆದು, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಮಗಳಿಗೆ ನೋವು ಶುರುವಾಯಿತು. ಈ ಸಲವೂ ಅಳಿಯ ಲಾರಿಯ ಜೊತೆ ದೂರವಿದ್ದ, ಈ ಸಲವೂ ರಕ್ತ ಕಂಡಿತು. ಟೈಲರಕ್ಕ ನಂಬರ್ ಒತ್ತಿದಳು. ಆಚೆ ರಾಜ್ಯದ ನಂಬರ್. ವಿಳಾಸ ಹೇಳಿದಳು. ಆ ಕಡೆ ಕಾಗದ ಮಗುಚಿದ ಸದ್ದು ಕೇಳಿತು.

"ಗಾಡಿ ಹೊರಟಿದೆ ಅಮ್ಮಾ. ಬಾಗಿಲಲ್ಲಿ ಯಾರಾದ್ರೂ ನಿಂತಿರಿ" ಎಂದಳು ಅಲ್ಲಿಯ ಹುಡುಗಿ.

ಮೀಸೆ ಮಾವ ತಮ್ಮ ಅಂಗಡಿ ಮುಂದಿನ ಸೈಕಲ್ಲುಗಳನ್ನೆಲ್ಲ ಎಳೆದು ಬದಿಗೆ ಹಾಕಿ, ಬೀದಿಯ ತುದಿಯಲ್ಲಿ ನಿಂತು ಕೈಬೀಸಿ ಗಾಡಿ ಕರೆದರು. ಗಾಡಿ ಹತ್ತಿದ ಹತ್ತು ನಿಮಿಷದಲ್ಲಿ ಮಗಳು ಆಪರೇಷನ್ ಕೋಣೆಯಲ್ಲಿದ್ದಳು. ಟೈಲರಕ್ಕ ಹೊರಗೆ ಗೋಡೆಗೆ ಒರಗಿ ನಿಂತಿದ್ದಳು. ಮಿಲ್ಲಿನಿಂದ ಓಡಿಬಂದ ಗಂಡನ ತಲೆಯ ತುಂಬ ಮರದ ಹೊಟ್ಟು. ಒಳಗಿಂದ ಅಳು ಕೇಳಿಸಿದಾಗ ಅವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಹೆಣ್ಣು ಮಗು. ತಾಯಿ, ಮಗು ಇಬ್ಬರೂ ಸುಖವಾಗಿದ್ದರು.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಮಗು ಹುಟ್ಟಿದ್ದು ಒಂದು ರಾಜ್ಯದಲ್ಲಿ, ಮನೆ ಇನ್ನೊಂದರಲ್ಲಿ. ಜನನ ಪತ್ರ ಎಲ್ಲಿಯದು ಎಂಬ ಪ್ರಶ್ನೆಗೆ ಎರಡು ಕಚೇರಿಯ ನಡುವೆ ಐದು ಸಲ ಓಡಾಡಬೇಕಾಯಿತು. ಈ ಸಲ ಓಡಾಡಿದವನು ಗಂಡ. ಯಾವ ಕಚೇರಿ, ಯಾವ ಕಾಗದ ಎಂದು ಹೆಂಡತಿಯನ್ನು ಕೇಳಿಕೊಂಡು, ಮಿಲ್ಲಿಗೆ ರಜೆ ಹಾಕಿ ಹೋಗಿಬರುತ್ತಿದ್ದ. ಒಪ್ಪಂದದ ವರ್ಷ ಮುಗಿಯುವ ಮೊದಲೇ ಅದನ್ನು ಮುಂದುವರಿಸಿ ಎಂದು ಟೈಲರಕ್ಕ ಅರ್ಜಿ ಬರೆದಿಟ್ಟಿದ್ದಾಳೆ. ಗಡಿಯ ಮೇಲೇ ಇರುವ ಮುಂದಿನ ಊರಿನವರು ಬಂದು ಕೇಳಿದ್ದಾರೆ. ಅವರಿಗೂ ನಿರ್ಣಯ ಹೇಗೆ ಬರೆಯಬೇಕೆಂದು ಹೇಳಿಕೊಟ್ಟಿದ್ದಾಳೆ. ಈಗಲೂ ಅವಳಿಗೆ ಮೂರು ಸರ್ಕಾರಗಳ ಮೇಲೆ ಸಿಟ್ಟು ಇದೆ. ಆದರೆ ಯಾವ ಸಿಟ್ಟನ್ನು ಯಾರ ಮುಂದೆ ಇಡಬೇಕು ಎಂದು ಗೊತ್ತಿದೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರಿನಲ್ಲೂ ಏನೋ ಒಂದು ಕೆಲಸ ನಿಂತಿರಬಹುದು. ಅದು ಪುರಸಭೆಯದ್ದೋ, ರಾಜ್ಯದ್ದೋ, ಕೇಂದ್ರದ್ದೋ ಮೊದಲು ತಿಳಿದುಕೊಳ್ಳಿ. ಬಾಯಲ್ಲಿ ಹೇಳಿ ಬರಬೇಡಿ, ಬರೆದು ಕೊಡಿ, ಕೊಟ್ಟದ್ದಕ್ಕೆ ರಸೀದಿ ಕೇಳಿ. ನಮ್ಮದಲ್ಲ ಎಂದವರಿಂದ ಆ ಮಾತನ್ನೂ ಬರೆಸಿಕೊಳ್ಳಿ. ಪಕ್ಕದ ರಾಜ್ಯ ಒಳ್ಳೆಯದೇನಾದರೂ ಮಾಡಿದ್ದರೆ ನಮ್ಮಲ್ಲಿ ಯಾಕಿಲ್ಲ ಎಂದು ಕೇಳಿ. ಪುರಸಭೆಯ ಚುನಾವಣೆ ಸಣ್ಣದು, ಅದಕ್ಕೇನು ಹೋಗುವುದು ಎಂದು ಮನೆಯಲ್ಲಿ ಕೂರಬೇಡಿ. ಮೂರೂ ಸರ್ಕಾರಗಳು ನಿಮ್ಮ ಮತದಿಂದಲೇ ಆದವು. ಮೂರರಿಂದಲೂ ಕೆಲಸ ಮಾಡಿಸಿಕೊಳ್ಳುವ ಹಕ್ಕು ನಿಮ್ಮದು. ನಾಳೆಯೇ ಒಂದು ಹಾಳೆ ತೆಗೆದುಕೊಳ್ಳಿ, ಬರೆಯಲು ಕೂರಿ.