ಅವ್ವನ ಕೈರಾಸಿಯ ಬಿಲ್ಲು

ಕೊಯಮತ್ತೂರಿನ ಕಡೆಯ ನಮ್ಮ ಸೋಮನೂರಿನಲ್ಲಿ ಯಾರ ಮಗ್ಗಕ್ಕೆ ಹೊಸ ಹಾಸು ಏರಿದರೂ ಮೊದಲ ಗಂಟು ಹಾಕಲು ನಮ್ಮವ್ವ ಕುಪ್ಪಮ್ಮನನ್ನೇ ಕರೆಯುತ್ತಿದ್ದರು. ಅವಳದು ಕೈರಾಸಿ, ಅವಳು ಮುಟ್ಟಿದ ನೂಲು ಕಡಿಯುವುದಿಲ್ಲ ಎಂಬ ನಂಬಿಕೆ. ಶುಕ್ರವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಒದ್ದೆ ಕೂದಲಲ್ಲೇ ಹೊರಡುವಳು. ಹಿಂದೆ ನಾನು, ಆ ಮನೆಯವರು ಕೊಡುವ ಬೆಲ್ಲ ಹುರಿಗಡಲೆಗಾಗಿ. ಅಂಥ ಬೆಲ್ಲ ಈಗ ಯಾವ ಅಂಗಡಿಯಲ್ಲೂ ಇಲ್ಲ, ಹುಡುಕಿ ಸಾಕಾಗಿದೆ.

ಅಪ್ಪ ನಮ್ಮ ಪವರ್‌ಲೂಮ್ ಶೆಡ್ಡನ್ನೂ ಅವಳ ಹೆಸರಿಗೇ ಮಾಡಿಸಿದ್ದ. ಅಪ್ಪ ಹೋದ ಮೇಲೆ ಚಿಕ್ಕಪ್ಪನ ಮಗ ದೀನದಯಾಳನ್ ತಿರುಪ್ಪೂರಿನಲ್ಲಿ ನೂಲಿನ ವ್ಯಾಪಾರ ತೆಗೆದ.

"ದೊಡ್ಡವ್ವ, ಮೊದಲ್ನೇ ಬಿಲ್ಲು ನಿನ್ ಹೆಸರಲ್ಲೇ ಆಗ್ಲಿ. ನಿನ್ ಕೈರಾಸಿ" ಅಂದ.

ಗಂಟು ಹಾಕಿಕೊಟ್ಟಷ್ಟೇ ಸಲೀಸಾಗಿ ಅವ್ವ ತನ್ನ ಜಿಎಸ್‌ಟಿ ನಂಬರ್ ಕೊಟ್ಟಳು. ಆ ಪುಣ್ಯಾತ್ಮ ಮೊದಲ ಬಿಲ್ಲಿಗೆ ನಿಲ್ಲಿಸಲಿಲ್ಲ. ಅದೇ ನಂಬರಿನಲ್ಲಿ ವರ್ಷಗಟ್ಟಲೆ ಮಾರಿ, ತೆರಿಗೆ ಕಟ್ಟದೆ ಕಂಬಿ ಕಿತ್ತ.

ನೋಟೀಸುಗಳ ಮೆಸೇಜು ಬಂದದ್ದೆಲ್ಲ ಅವ್ವನ ಬಟನ್ ಫೋನಿಗೆ. ಲೋನ್ ಕೊಡುವವರ ಕಾಟ ಎಂದು ಅವಳು ಅಳಿಸುತ್ತಿದ್ದಳು. ಬ್ಯಾಂಕ್ ಖಾತೆ ಮುಟ್ಟುಗೋಲಾದಾಗಲೇ ನಮಗೆ ಗೊತ್ತಾದದ್ದು. ಆಮೇಲೆ ನಮಗೆ ನೂಲು ಕೊಡುವ ಮಯಿಲ್‌ಸಾಮಿಗೂ ಬಾಕಿ ನಿಂತಿತು.

ತಿರುಪ್ಪೂರಿನ ಆಡಿಟರ್ ತಮಿಳಿನಲ್ಲಿ ಬಿಡಿಸಿ ಹೇಳಿದರು. ಅಪೀಲು ಹಾಕಲು ಮೊದಲೇ ತೆರಿಗೆಯ ಒಂದು ಪಾಲು ಕಟ್ಟಬೇಕು. ಅದಕ್ಕೆ ಮಗ್ಗಗಳನ್ನು ಮಾರಬೇಕು. ಇಲ್ಲವೆಂದರೆ ಅವ್ವ ಕೋರ್ಟಿಗೆ ದಿವಾಳಿ ಅರ್ಜಿ ಕೊಡಬಹುದು. ತೆರಿಗೆ ಅದರಿಂದ ಕರಗದು, ಆದರೆ ಬಾಕಿ ಕೇಳುವವರು ಬಾಗಿಲಿಗೆ ಬರುವುದಿಲ್ಲ, ಕೇಸು ವರ್ಷಗಟ್ಟಲೆ ಎಳೆಯುತ್ತದೆ.

ನಮ್ಮ ಕಡೆ ದಿವಾಳಿ ಅರ್ಜಿಗೆ ಮಂಜ ನೋಟೀಸು ಅನ್ನುತ್ತಾರೆ, ಹಳದಿ ಕಾಗದ. ಯಾರಾದರೂ ಕೊಟ್ಟರೆ ಅವರ ಮನೆಯ ಮದುವೆಗೂ ಜನ ಯೋಚಿಸಿ ಹೋಗುತ್ತಾರೆ. ಆದರೂ ನನಗೆ ಆಸೆಯಾಯಿತು. ಅಪ್ಪ ಎಣ್ಣೆ ಹಾಕಿ ಸಾಕಿದ ಮಗ್ಗಗಳು ಇನ್ನಷ್ಟು ದಿನ ಇರುತ್ತವಲ್ಲ.

"ಮಯಿಲ್‌ಸಾಮಿಗೆ?" ಅವ್ವ ಕೇಳಿದಳು.

"ಕೋರ್ಟು ಹಂಚೋವರೆಗೂ ಕಾಯ್ಬೇಕು" ಅಂದೆ.

"ಬರೋ ಆವಣಿ ಮಾಸ ಅವನ್ ಮಗ್ಳ ಕಲ್ಯಾಣ. ಅವ ಎಂಗೆ ಕಾಯ್ತಾನೆ? ಮಗ್ಗ ಮಾರ್ಬುಡು ರಾಜು."

"ಅಪ್ಪ ಇದ್ದಿದ್ರೆ ಮಾರ್ತಿದ್ನಾ?"

"ಅವ ಇದ್ದಿದ್ರೆ ನಿನ್ನ ಕೇಳ್ದೇನೇ ಮಾರ್ತಿದ್ದ."

ಕೊಯಮತ್ತೂರಿನ ಗುಜರಿಯವನು ಬಂದು ಮಗ್ಗಗಳನ್ನು ಕಬ್ಬಿಣದ ಲೆಕ್ಕದಲ್ಲಿ ತೂಗಿಕೊಂಡು ಹೋದ. ಮಯಿಲ್‌ಸಾಮಿಯ ಬಾಕಿ ತೀರಿತು, ಅಪೀಲಿಗೂ ಕಟ್ಟಿದೆವು. ಲಾರಿ ತಿರುವಿನಲ್ಲಿ ಮರೆಯಾದಾಗ ನಾನು ಶೆಡ್ಡಿನೊಳಗೆ ಹೋಗಿ ಅತ್ತುಬಿಟ್ಟೆ.

ಮರುದಿನ ಮಧ್ಯಾಹ್ನ ಅವ್ವ ಅಡುಗೆಮನೆಯಿಂದ "ರಾಜೂ, ಊಟಕ್ಕೆ ಬಾ" ಎಂದು ಕೂಗಿದಳು. ಮದುವೆಯಾಗಿ ಬಂದಾಗಿನಿಂದ ಮಗ್ಗದ ಸದ್ದಿನ ಮೇಲೆ ಕೂಗಿ ರೂಢಿಯಾದ ಗಂಟಲು. ಸದ್ದಡಗಿದ ಮನೆಯಿಂದ ಆ ಕೂಗು ಕೇಳಿ, ಏನಾಯಿತೋ ಎಂದು ಪಕ್ಕದ ಮನೆಯ ಕಾಮಾಕ್ಷಿಯಮ್ಮ ಗಾಬರಿಯಾಗಿ ಓಡಿಬಂದರು.

"ಏನೂ ಇಲ್ಲ, ಪೋ" ಎಂದು ಅವ್ವ ಅವರನ್ನು ಕಳಿಸಿದಳು. ಆಮೇಲೆ ನನ್ನ ತಟ್ಟೆಗೆ ಅನ್ನ ಬಡಿಸುತ್ತ, "ಇನ್ಮೇಲೆ ಮೆಲ್ಲಗೆ ಮಾತಾಡಿ ಪಳಗ್ಬೇಕು, ನನ್ ಕಣ್ಣೇ" ಅಂದಳು.

ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ.